ಯಾರು ಹಗ್ಗ ಹಿಡಿದು ಅಳೆದರು?

ನಿನ್ನೆ ಸಂಜೆ ಬದಿಯಡ್ಕದ ಹತ್ತಿರ ಒಂದು ಕಾರ್ಯಕ್ರಮ. ಭಾಷಣ ಮಾಡಿದವರು ಮಕ್ಕಳ ಎದುರು ನಿಂತು ಹೇಳಿದರು, "ನಕ್ಷತ್ರ ಇಷ್ಟು ಜ್ಯೋತಿರ್ವರ್ಷ ದೂರ ಅಂತಾರಲ್ಲ, ಯಾರು ಹಗ್ಗ ಹಿಡಿದು ಅಳೆದರು? ಎಲ್ಲ ಅಂದಾಜು." ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಮೈ ಉರಿಯಿತು. ಇಷ್ಟು ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ವಿಜ್ಞಾನ ಕಲಿಸಿದವನು ನಾನು, ನಿಮಗೆ ಗೊತ್ತಲ್ಲ.

ಅಂದಾಜಲ್ಲ ಸ್ವಾಮಿ. ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಅದನ್ನು ಅಳೆಯುವ ದಾರಿ ಇದೆ. ಕುಂಬಳೆ ಕಡಲ ಬದಿಯಲ್ಲಿ ರಾತ್ರಿ ನಿಂತರೆ ಮೀನಿನ ದೋಣಿಗಳ ದೀಪ ಕಾಣುತ್ತದೆ. ಎಲ್ಲ ದೋಣಿಗೂ ಒಂದೇ ವ್ಯಾಟಿನ ಬಲ್ಬು ಅಂತ ಗೊತ್ತಿದ್ದರೆ, ಮಂಕಾಗಿ ಕಾಣುವುದು ಎಷ್ಟು ದೂರ ಅಂತ ಲೆಕ್ಕ ಹಾಕಬಹುದು ಅಲ್ವಾ? ಎರಡು ಪಟ್ಟು ದೂರ ಹೋದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.

ಆಕಾಶದಲ್ಲೂ ಅಂಥ ಬಲ್ಬುಗಳಿವೆ, ಆರ್‌ಆರ್ ಲೈರೇ ನಕ್ಷತ್ರಗಳು. ವಯಸ್ಸು ಸುಮಾರು 1000 ಕೋಟಿ ವರ್ಷಕ್ಕಿಂತ ಜಾಸ್ತಿ. ಒಳಗಿನ ಹೀಲಿಯಂ ಪದರ ಶಾಖವನ್ನು ತಡೆದು ಹಿಡಿಯುತ್ತದೆ, ನಕ್ಷತ್ರ ಉಬ್ಬುತ್ತದೆ, ಶಾಖ ಹೊರಗೆ ಹೋದ ಮೇಲೆ ಕುಗ್ಗುತ್ತದೆ, ಮತ್ತೆ ಉಬ್ಬುತ್ತದೆ, ಇದಕ್ಕೆಲ್ಲ ಒಂದು ದಿನವೂ ಬೇಡ. ಆ ಮಿಡಿತ ನೋಡಿಯೇ ಅವುಗಳನ್ನು ಗುರುತು ಹಿಡಿಯುವುದು. ಎಲ್ಲದರ ನಿಜವಾದ ಬೆಳಕು ಹೆಚ್ಚುಕಡಿಮೆ ಒಂದೇ, ಸೂರ್ಯನ 40-50 ಪಟ್ಟು. ಅದು ಹೇಗೆ ಗೊತ್ತು? ಹತ್ತಿರದವನ್ನು ಗೈಯಾ ಎಂಬ ಬಾಹ್ಯಾಕಾಶ ದೂರದರ್ಶಕ ತ್ರಿಕೋನದ ಲೆಕ್ಕದಲ್ಲಿ ಅಳೆದಿದೆ. ಚಂದ್ರಗಿರಿ ಹೊಳೆ ದಾಟದೆ ಆಚೆ ದಡದ ತೆಂಗಿನ ಮರಕ್ಕೆ ಎಷ್ಟು ದೂರ ಅಂತ ಸರ್ವೆಯವರು ಹೇಳುವುದಿಲ್ವಾ, ಅದೇ ಲೆಕ್ಕ. ಅವರ ಕೈಯಲ್ಲಿ ಹಗ್ಗ ಇಲ್ಲ ಅಂತ ಯಾರೂ ಜಗಳಕ್ಕೆ ಹೋಗುವುದಿಲ್ಲ.

ವಿಜ್ಞಾನಿಗಳೂ ತಪ್ಪಿದ್ದಾರಲ್ಲ ಅಂತ ಕೇಳುವವರಿದ್ದಾರೆ. ಹೌದು, ತಪ್ಪಿದ್ದಾರೆ. ಅಮೆರಿಕದ ಖಗೋಳ ವಿಜ್ಞಾನಿ ಹಾರ್ಲೋ ಶಾಪ್ಲಿ 1918ರ ಹೊತ್ತಿಗೆ ಇದೇ ನಕ್ಷತ್ರಗಳ ಸಹಾಯದಿಂದ ಸೂರ್ಯ ನಮ್ಮ ಗ್ಯಾಲಕ್ಸಿಯ, ಅಂದರೆ ನಾವಿರುವ ನಕ್ಷತ್ರಗಳ ದೊಡ್ಡ ಗುಂಪಿನ, ನಡುವೆ ಇಲ್ಲ ಅಂತ ತೋರಿಸಿದರು, ಆದರೆ ಗ್ಯಾಲಕ್ಸಿಯ ಅಡ್ಡಳತೆ 3 ಲಕ್ಷ ಜ್ಯೋತಿರ್ವರ್ಷ ಅಂದರು. ಈಗಿನ ಲೆಕ್ಕ ಸುಮಾರು 1 ಲಕ್ಷ. ನಡುವಿನ ಧೂಳು ಬೆಳಕನ್ನು ಮಂಕು ಮಾಡುವುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಮೇಲೆ ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ ಅಮೆರಿಕದ ಪಾಲೋಮಾರ್ ವೀಕ್ಷಣಾಲಯದ 200 ಇಂಚಿನ ದೂರದರ್ಶಕದಲ್ಲಿ ನಮ್ಮ ನೆರೆಯ ಗ್ಯಾಲಕ್ಸಿ ಆಂಡ್ರೊಮಿಡಾದ ಆರ್‌ಆರ್ ಲೈರೇಗಳನ್ನು ಹುಡುಕಿದರು. ಹಳೆಯ ದೂರ ಸರಿಯಿದ್ದರೆ ಅವು ಕಾಣಬೇಕಿತ್ತು. ಕಾಣಲಿಲ್ಲ! ಅಂದರೆ ಅದು ಇನ್ನೂ ದೂರದಲ್ಲಿದೆ ಅಂತ ಅರ್ಥ. 1952ರಲ್ಲಿ ಆಂಡ್ರೊಮಿಡಾದ ದೂರ ಎರಡು ಪಟ್ಟಾಯಿತು. ಸುಮ್ನೆ ಅಂದಾಜಾಗಿದ್ದರೆ ಈ ತಪ್ಪು ಯಾರ ಕೈಗಾದರೂ ಸಿಗುತ್ತಿತ್ತಾ?

ಒಂದು ವಿಷಯ ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗಿ, "ಮಾಷ್ಟ್ರೇ, ಈ ದೂರ ಹೇಗೆ ಗೊತ್ತಾಯಿತು?" ಅಂತ ಕೇಳಿದ್ದಳು. "ವಿಜ್ಞಾನಿಗಳು ಕಂಡುಹಿಡಿದಿದ್ದಾರೆ, ಬರೆದುಕೋ" ಅಂದಿದ್ದೆ. ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳುವ ಧೈರ್ಯವೂ ಇರಲಿಲ್ಲ. ಹಾಗಾಗಿ ನಿನ್ನೆ ಚಪ್ಪಾಳೆ ತಟ್ಟಿದ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ನನ್ನ ಹತ್ತಿರ ಒಂದು ಬೈನಾಕ್ಯುಲರ್ ಇದೆ. ಅಭಿಜಿತ್ ನಕ್ಷತ್ರ ಇರುವ ಲೈರಾ ಪುಂಜದಲ್ಲೇ ಈ ಬಗೆಯ ನಕ್ಷತ್ರಗಳಿಗೆಲ್ಲ ಹೆಸರು ಕೊಟ್ಟ ಆರ್‌ಆರ್ ಲೈರೇ ಎಂಬ ನಕ್ಷತ್ರ ಇರುವುದು, ಹದಿಮೂರೂವರೆ ಗಂಟೆಗೊಂದು ಮಿಡಿತ. ಮೋಡ ಇಲ್ಲದ ರಾತ್ರಿ ಮಕ್ಕಳನ್ನು ಕರೆದುಕೊಂಡು ನಮ್ಮ ಅಂಗಳಕ್ಕೆ ಬನ್ನಿ. ಭಾಷಣ ಮಾಡಿದವರೂ ಬರಲಿ.