ಹತ್ತು ನಿಮಿಷ ಆಕಾಶದಲ್ಲಿ, ಒಂದೇ ಒಂದು ಮಾತಿಲ್ಲ

ಹೆಲಿಕಾಪ್ಟರಿನಲ್ಲಿ ಮೈಸೂರಿನ ಮೇಲೆ ಒಂದು ಸುತ್ತು ಹಾಕಿ ಈಗಷ್ಟೇ ಮನೆಗೆ ಬಂದು, ಅಪ್ಪನಿಗೆ ಕಾಫಿ ಕೊಟ್ಟು ಕೂತಿದ್ದೇನೆ. ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿದೆ. ಇದನ್ನು ಈಗಲೇ ಬರೆಯದಿದ್ದರೆ ರಾತ್ರಿ ನಿದ್ದೆ ಹತ್ತುವುದಿಲ್ಲ.

ನಮ್ಮಪ್ಪನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಮೂವತ್ತೊಂದು ವರ್ಷ ಮೈಸೂರಿನ ಬೀದಿಗಳಿಗೆ ನೀರು ಬಿಟ್ಟ ಮನುಷ್ಯ. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಳಗಿನ ಜಾವ ಹೊರಟರೆ ನಾವು ಸ್ಕೂಲಿಗೆ ಹೋಗುವ ಹೊತ್ತಿಗೆ ವಾಪಸ್. ಯಾವ ಬೀದಿ ಎತ್ತರ, ಯಾವುದು ತಗ್ಗು ಅನ್ನುವುದು ಅವರಿಗೆ ನಲ್ಲಿಯ ರಭಸದಿಂದ ಗೊತ್ತು. ಈ ಊರನ್ನು ನೆಲದ ಕೆಳಗಿನಿಂದ ಬಲ್ಲವರು. ಎಪ್ಪತ್ತೆಂಟು ತುಂಬಿದ ಮೇಲೆ ಒಂದೇ ಆಸೆ: "ಪುಟ್ಟಿ, ಒಂದ್ಸಲ ಮೇಲಿಂದ ನೋಡ್ಬೇಕು ಕಣಮ್ಮ." ದಸರಾ ಸಮಯದಲ್ಲಿ ಲಲಿತಮಹಲ್ ಕಡೆಯಿಂದ ಹೆಲಿಕಾಪ್ಟರ್ ಏಳುವ ಸದ್ದು ಕೇಳಿಸಿದರೆ ಸಾಕು, ತಾರಸಿಗೆ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದರು. ಈ ಸಲ ಕರೆದುಕೊಂಡು ಹೋದೆ.

ಒಳಗಾದ ಸಂತೋಷವನ್ನು ಮೊದಲು ಹೇಳಿಬಿಡುತ್ತೇನೆ. ಗುರುತಿನ ಚೀಟಿ ನೋಡಿ, ತೂಕ ನೋಡಿ, ತೂಕದ ಪ್ರಕಾರ ಸೀಟು ಹಂಚಿದರು. ಅಪ್ಪನಿಗೆ ಕಿಟಕಿ ಪಕ್ಕ ಸಿಕ್ಕಿತು. ನೆಲ ಬಿಟ್ಟು ಎದ್ದಾಗ ನನ್ನ ಕೈ ಹಿಡಿದರು, ಹಾಗೆ ಹಿಡಿದದ್ದು ನನ್ನ ಮದುವೆಯ ದಿನದ ನಂತರ ಇದೇ ಮೊದಲು. ಮಳೆಗಾಲ ಮುಗಿದು ಬೆಟ್ಟ ಹಸಿರಾಗಿತ್ತು. ಕಾರಂಜಿ ಕೆರೆ ತುಂಬಿತ್ತು. ದೂರದಲ್ಲಿ ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರ, ಈಚೆಗೆ ಅರಮನೆಯ ಕೆಂಪು ಗುಮ್ಮಟಗಳು. ನಾನು ಹುಟ್ಟಿ ಬೆಳೆದ ಊರು ಇಷ್ಟು ಚೆಂದ ಅಂತ ನನಗೇ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಆಮೇಲೆ ಸಿಟ್ಟು ಬಂತು.

ಹತ್ತು ನಿಮಿಷದಲ್ಲಿ ನಾವು ಏನನ್ನು ನೋಡುತ್ತಿದ್ದೇವೆ ಅಂತ ಒಬ್ಬರೂ ಒಂದು ಮಾತು ಹೇಳಲಿಲ್ಲ. ಹತ್ತುವ ಮುಂಚೆ ಹೇಳಲಿಲ್ಲ, ಇಳಿದ ಮೇಲೂ ಹೇಳಲಿಲ್ಲ. ಕಿವಿಗೆ ಹಾಕಿಕೊಳ್ಳಲು ಕೊಟ್ಟದ್ದು ಸದ್ದು ತಡೆಯುವುದಕ್ಕಷ್ಟೇ, ಅದರಲ್ಲಿ ಯಾವ ದನಿಯೂ ಇಲ್ಲ. ಪೈಲಟ್‌ನದು ತಪ್ಪಲ್ಲ, ಅವರ ಗಮನವೆಲ್ಲ ಹಾರಿಸುವುದರಲ್ಲೇ ಇರಬೇಕು. ಆದರೆ ದಿನವಿಡೀ ಅದೇ ದಾರಿ, ಅದೇ ಸುತ್ತು. ಹತ್ತು ನಿಮಿಷದ ಮಾತನ್ನು ಕನ್ನಡದಲ್ಲಿ ಒಂದು ಸಲ ರೆಕಾರ್ಡ್ ಮಾಡಿ ಇಟ್ಟುಕೊಳ್ಳಲು ಎಷ್ಟು ಖರ್ಚು? ಅದೂ ಬೇಡ. ಒಂದು ಹಾಳೆ. ಒಂದು ನಕ್ಷೆ ಅಚ್ಚು ಹಾಕಿಸಿ, ಕಾಯುವ ಹೊತ್ತಿನಲ್ಲಿ ಕೈಗೆ ಕೊಟ್ಟಿದ್ದರೆ ಸಾಕಿತ್ತು. ತಲೆಗೆ ಸಾವಿರಾರು ರೂಪಾಯಿ ತೆಗೆದುಕೊಂಡವರು ಒಂದು ಹಾಳೆ ಕೊಡಲಿಲ್ಲ.

ನಮ್ಮ ಜೊತೆ ಒಂದು ಪುಟ್ಟ ಹುಡುಗ ಇದ್ದ, ಏಳೆಂಟು ವರ್ಷ ಇರಬಹುದು. ಇಳಿದ ಮೇಲೆ ಅಲ್ಲಿ ನಿಂತಿದ್ದವರನ್ನು ಕೇಳಿದ, "ಅಂಕಲ್, ಆ ದೊಡ್ಡ ನೀರು ಕೆಆರ್‌ಎಸ್ಸಾ?" ಅವನು ನೋಡಿದ್ದು ಕಾರಂಜಿ ಕೆರೆ. ಉತ್ತರ ಬಂತು: "ಮುಂದೆ ನಡೀರಿ, ಮುಂದೆ ನಡೀರಿ." ಆ ಮಗು ಅದನ್ನು ಕೆಆರ್‌ಎಸ್ ಅಂತಲೇ ತಿಳಿದುಕೊಂಡು ತನ್ನ ಊರಿಗೆ ಹೋಗುತ್ತಾನಲ್ಲ, ಅದು ನನಗೆ ಸಹಿಸಲು ಆಗುತ್ತಿಲ್ಲ.

ಒಬ್ಬ ಗೆಳತಿಗೆ ದಾರಿಯಲ್ಲೇ ಫೋನ್ ಮಾಡಿ ಹೇಳಿಕೊಂಡೆ. "ಜಾಯ್‌ರೈಡ್ ಕಣೇ ಅದು, ಜನ ಖುಷಿಗೆ ಹೋಗ್ತಾರೆ, ಪಾಠ ಕೇಳೋಕಲ್ಲ" ಅಂದಳು. ಈ ಮಾತನ್ನು ನಾನು ಒಪ್ಪುವುದಿಲ್ಲ. ಅರಮನೆ ಮುಂದಿನ ಟಾಂಗಾದವರು ಒಂದು ಸುತ್ತು ಹಾಕುವಾಗ ದಾರಿಯುದ್ದಕ್ಕೂ ಹೇಳಿಕೊಂಡೇ ಹೋಗುತ್ತಾರೆ, ಅದರಿಂದ ಯಾರ ಖುಷಿಯೂ ಕಡಿಮೆಯಾಗಿದ್ದು ನಾನು ಕಂಡಿಲ್ಲ. ಇದು ಅಮ್ಯೂಸ್‌ಮೆಂಟ್ ಪಾರ್ಕಿನ ತೊಟ್ಟಿಲಲ್ಲ. ಕೆಳಗಿರುವುದು ಒಂದು ಊರು.

ಎಂಥ ಊರು ಅಂತ ನನಗೆ ಗೊತ್ತಾಗಿದ್ದು ವಾಪಸ್ ಬರುವಾಗ, ಆಟೋದಲ್ಲಿ. ಮೇಲಿದ್ದಾಗ ಅಪ್ಪ ಬೆರಳು ತೋರಿಸಿ ಏನೇನೋ ಹೇಳುತ್ತಲೇ ಇದ್ದರು, ತುಟಿ ಆಡುವುದಷ್ಟೇ ಕಾಣುತ್ತಿತ್ತು. ಆಟೋ ಹತ್ತಿದ್ದೇ ತಡ, ಬಾಕಿ ಇದ್ದದ್ದೆಲ್ಲ ಹೊರಗೆ ಬಂತು. "ಆ ಎಕ್ಸಿಬಿಷನ್ ಗ್ರೌಂಡು ನೋಡ್ದಾ? ಬಟ್ಟಲ ಥರ ಇತ್ತಲ್ಲ? ಅದು ಮೊದ್ಲು ದೊಡ್ಡಕೆರೆ ಕಣಮ್ಮ. ಅದಕ್ಕೇ ದೊಡ್ಡಕೆರೆ ಮೈದಾನ ಅನ್ನೋದು." ಆ ಹೆಸರನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅಲ್ಲಿ ಪ್ರತಿ ದಸರಾಕ್ಕೆ ಹಪ್ಪಳ ತಿಂದಿದ್ದೇನೆ. ಹೆಸರಿನೊಳಗೆ ಕೆರೆ ಕೂತಿದೆ ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಆಮೇಲೆ ಎರಡೂ ಅಂಗೈಗಳನ್ನು ಸೇರಿಸಿ ಮನೆಯ ಮಾಡಿನಂತೆ ಹಿಡಿದರು. "ನಮ್ಮೂರು ಹಿಂಗೆ. ಈ ಕಡೆ ಬಿದ್ದ ಮಳೆ ಕಾವೇರಿಗೆ, ಆ ಕಡೆ ಬಿದ್ದದ್ದು ಕಪಿಲೆಗೆ." ಆಗ್ನೇಯಕ್ಕೆ ಚಾಮುಂಡಿ ಬೆಟ್ಟ, ಪಶ್ಚಿಮಕ್ಕೆ ಕುಕ್ಕರಹಳ್ಳಿ ಕೆರೆ ಕಡೆಯ ದಿಣ್ಣೆ. ಇವೆರಡರ ನಡುವೆ ಕುದುರೆಯ ಜೀನಿನ ಹಾಗೆ ಕೂತ ಊರು ಇದು. ಉತ್ತರದ ನೀರು ಕಾವೇರಿಯತ್ತ, ದಕ್ಷಿಣದ್ದು ಕಪಿಲೆಯತ್ತ. ಒಂದೇ ಮಳೆಯ ನೀರು ಇಲ್ಲಿ ಬೇರೆಯಾಗಿ ತಿರುಮಕೂಡಲು ನರಸೀಪುರದಲ್ಲಿ ಮತ್ತೆ ಸೇರುತ್ತದೆ. ಇದನ್ನು ಹೇಳುವಾಗ ಅಪ್ಪನ ಮುಖ ನೀವು ನೋಡಬೇಕಿತ್ತು. ಮೂವತ್ತೊಂದು ವರ್ಷ ವಾಲ್ವ್ ತಿರುಗಿಸುತ್ತ ಕೈಗೆ ಗೊತ್ತಾಗಿದ್ದ ಇಳಿಜಾರನ್ನು ಅವರು ಕಣ್ಣಾರೆ ಕಂಡದ್ದು ಇವತ್ತು.

ಇನ್ನೂ ಹೇಳಿದರು. ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು, ಅದಕ್ಕೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ. ದಿವಾನ್ ಪೂರ್ಣಯ್ಯ ಕಾವೇರಿಯನ್ನೇ ಮೈಸೂರಿಗೆ ತರಬೇಕು ಅಂತ ಆ ನಾಲೆ ತೋಡಿಸಲು ಹೊರಟಿದ್ದರು; ನಾಲೆ ಉಳಿಯಿತು, ಕಾವೇರಿ ಮಾತ್ರ ಬರಲಿಲ್ಲ. ಹಳೇ ಮೊಹಲ್ಲಾಗಳ ನೆಟ್ಟನೆಯ ರಸ್ತೆಗಳು, ಕಸ, ಕೊಳೆ ಸಾಗಿಸಲು ಮನೆಗಳ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು ಎಲ್ಲ ಪ್ಲೇಗ್ ಬಂದು ಹೋದ ಮೇಲೆ ಮಾಡಿದ ಯೋಜನೆ. ಊರಿನ ಬಡಾವಣೆ, ರಸ್ತೆಗಳ ಯೋಜನೆ ನೋಡಿಕೊಳ್ಳುವ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಗಿದ್ದು 1903ರಲ್ಲಿ. ಅರಮನೆಯೇ ಆಗ ಇನ್ನೂ ಕಟ್ಟುತ್ತಿದ್ದ ಕಾಲ, 1897ರಲ್ಲಿ ಹಳೆಯದು ಸುಟ್ಟು 1912ಕ್ಕೆ ಈಗಿನದು ಮುಗಿದದ್ದು. ರಸ್ತೆಯಲ್ಲಿ ನಡೆಯುವಾಗ ಇದ್ಯಾವುದೂ ಒಟ್ಟಿಗೆ ಕಾಣುವುದಿಲ್ಲ. ಮೇಲಿನಿಂದ ಮಾತ್ರ ಕಾಣುತ್ತದೆ, ಆದರೆ ಯಾರಾದರೂ ಹೇಳಿದರೆ ಮಾತ್ರ. ಇಲ್ಲದಿದ್ದರೆ ಅರಮನೆ ಒಂದು ಆಟಿಕೆ, ಕೆರೆ ಒಂದು ಹಸಿರು ಮಚ್ಚೆ.

ಒಂದು ವಿಷಯ ಮುಚ್ಚಿಡಬಾರದು. 2021ರಲ್ಲಿ ಹೆಲಿ ಪ್ರವಾಸೋದ್ಯಮಕ್ಕಾಗಿ ಲಲಿತಮಹಲ್ ಪಕ್ಕದ ಮರಗಳನ್ನು ಕಡಿಯುವ ಮಾತು ಬಂದಾಗ ಊರಿಗೆ ಊರೇ ವಿರೋಧಿಸಿತಲ್ಲ, ಅದರಲ್ಲಿ ನಾನೂ ಇದ್ದೆ. ಇಲ್ಲೇ ಉದ್ದುದ್ದ ಬರೆದಿದ್ದೆ. ಇವತ್ತು ಅದೇ ಜಾಗದಿಂದ ಹತ್ತಿದೆ. ಅಪ್ಪನ ಆಸೆ ಅನ್ನುವುದು ನಿಜ, ಆದರೂ ಏಳುವಾಗ ಕೆರೆ ಕಡೆಯಿಂದ ಬೆಳ್ಳಗೆ ಹಕ್ಕಿಗಳು ಚದುರಿದ್ದನ್ನು ನೋಡಿ ಎದೆ ಚುಳ್ ಅಂದಿತು. ಮರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ. ಅದಕ್ಕೇ ಈ ಮೌನ ನನಗೆ ಇನ್ನೂ ಹೆಚ್ಚು ನೋವು ಕೊಡುತ್ತಿರುವುದು. ಇಷ್ಟು ಎಣ್ಣೆ ಸುಟ್ಟು, ಇಷ್ಟು ಸದ್ದು ಮಾಡಿ, ಆ ಹಕ್ಕಿಗಳನ್ನೆಲ್ಲ ಎಬ್ಬಿಸಿ ಮೇಲೆ ಹೋಗುತ್ತೇವೆ ಅಂದಮೇಲೆ, ಇಳಿದು ಬರುವವನಿಗೆ ಕೆಳಗಿದ್ದದ್ದು ಯಾವ ಕೆರೆ ಅಂತಲಾದರೂ ಗೊತ್ತಾಗಬೇಡವೇ?

ಒಂದು ಹಾಳೆ. ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದೇನೆ, ಗೊತ್ತು.

ಇದನ್ನು ಬರೆಯುತ್ತಿರುವಾಗಲೇ ಅಪ್ಪ ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಕಿತ್ತು, ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಲು ಕೂತಿದ್ದಾರೆ. ಬೆಟ್ಟ ಆಯಿತು. ಕಾರಂಜಿ ಆಯಿತು. ದೊಡ್ಡಕೆರೆ ಇದ್ದ ಜಾಗಕ್ಕೆ ಚುಕ್ಕೆ ಚುಕ್ಕೆಯ ಗೆರೆ ಹಾಕಿದ್ದಾರೆ. ಮುಗಿದ ಮೇಲೆ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ. ಈ ವಾರ ಹೋಗುವವರು ಒಂದು ಪ್ರಿಂಟ್ ತೆಗೆದುಕೊಂಡು ಹೋಗಿ, ಮಕ್ಕಳ ಕೈಗೆ ಕೊಡಿ. ನಾಳೆ ಬೆಳಿಗ್ಗೆ ಐವತ್ತು ಜೆರಾಕ್ಸ್ ಮಾಡಿಸಿ ಆ ಕೌಂಟರಿಗೇ ಕೊಟ್ಟು ಬರೋಣ ಅಂತಿದ್ದೇನೆ. ಅಪ್ಪ ತಾವೂ ಬರುತ್ತಾರಂತೆ. "ನಾಲೆ ಗೆರೆ ಸ್ವಲ್ಪ ಓರೆ ಆಯ್ತು, ರಬ್ಬರ್ ಕೊಡು" ಅಂತ ಕರೆಯುತ್ತಿದ್ದಾರೆ, ಹೋಗುತ್ತೇನೆ.