ಬೈಗುಳ ಉಪಸಮಿತಿಯ ವರದಿ

ಬೆಳಿಗ್ಗೆ ಆರೂವರೆಗೆ ನಮ್ಮೂರ ಡೈರಿ ಮುಂದೆ ಬಂದು ನಿಲ್ಲಿ. ಊರು ಯಾವುದು ಅಂತ ಕೇಳಬೇಡಿ, ಗೌರಿಬಿದನೂರು ತಾಲ್ಲೂಕು ಅಂತಷ್ಟೇ ಇಟ್ಟುಕೊಳ್ಳಿ. ಸೆಕ್ರೆಟರಿ ಬಲಗೈಯಲ್ಲಿ ಹಾಲಿಗೆ ನೀರು ಬೆರೆಸಿದ್ದನ್ನು ಪತ್ತೆ ಮಾಡುವ ಲ್ಯಾಕ್ಟೋಮೀಟರ್ ಹಿಡಿದು ಕ್ಯಾನಿಗೆ ಬಿಡುತ್ತಾರೆ. ಗಾಜಿನ ಬುರುಡೆ ಮುಳುಗಿ, ಎದ್ದು, ನಿಲ್ಲುತ್ತದೆ. ರೀಡಿಂಗು 26ಕ್ಕೆ ಇಳಿದಿದ್ದರೆ ಮುಗೀತು. "ಏನಕ್ಕಾ, ಹಸುನ ಬೋರ್‌ವೆಲ್ ಪಕ್ಕ ಕಟ್ಟಿದ್ಯಾ?" ಅಂದು ಕ್ಯಾನು ವಾಪಸ್. ಸ್ವಂತ ಅತ್ತೆ ತಂದ ಹಾಲಾದರೂ ಬಿಡುವುದಿಲ್ಲ.

ಅದೇ ಹೊತ್ತಿಗೆ ಅವರ ಎಡಗೈ ಹೆಬ್ಬೆರಳು ಸುಮ್ನೆ ಇರುವುದಿಲ್ಲ. ಡೈರಿ ಹಾಲು ಕುಡಿದರೆ ಕರುಳು ಕೊಳೆಯುತ್ತದೆ ಅನ್ನುವ ವಿಡಿಯೋ ಒಂದನ್ನು ಡೈರಿ ಸಂಘದ ವಾಟ್ಸಾಪ್ ಗುಂಪಿಗೇ ತಳ್ಳುತ್ತಿರುತ್ತದೆ.

ಈ ಗುಂಪು ಹುಟ್ಟಿದ್ದು ಮೂರೇ ಕೆಲಸಕ್ಕೆ. ಬಟವಾಡೆ ಯಾವತ್ತು, ಫೀಡು ಬಂತಾ, ಡಾಕ್ಟರು ಯಾವಾಗ ಬರುತ್ತಾರೆ. ಈಗ ಆ ಮೂರನ್ನು ಹುಡುಕಬೇಕಾದರೆ ಮೊದಲು ಗುಲಾಬಿ ಹೂವಿನ ಶುಭೋದಯಗಳನ್ನು ದಾಟಬೇಕು. ಆಮೇಲೆ ನಂದಿಬೆಟ್ಟದ ತಪ್ಪಲಿನ ಸೈಟುಗಳು. ಆಮೇಲೆ ಐದು ನಿಮಿಷದಲ್ಲಿ ಸಾಲ ಕೊಡುವ ದಾನಶೂರರು. ಅದೆಲ್ಲ ಮುಗಿಯಿತು ಅನ್ನುವಾಗ ಪಂಚಾಯಿತಿ ಚುನಾವಣೆಯಲ್ಲಿ ಸೋತವರು ಗೆದ್ದವರ ವಂಶವೃಕ್ಷ ಬಿಡಿಸಿಟ್ಟಿರುತ್ತಾರೆ. ಕಾಲುಬಾಯಿ ರೋಗದ ಲಸಿಕೆ ಹಾಕುತ್ತಾರೆ ಅನ್ನುವ ಮೆಸೇಜು ನನ್ನ ಕಣ್ಣಿಗೆ ಬಿದ್ದಿದ್ದು ಮೂರು ದಿನ ಕಳೆದ ಮೇಲೆ. ನಮ್ಮ ಹಸುವಿಗೆ ಲಸಿಕೆ ತಪ್ಪಿತು. ಶುಭೋದಯ ಮಾತ್ರ ಒಂದು ದಿನವೂ ತಪ್ಪಿಲ್ಲ.

ಎಚ್. ನರಸಿಂಹಯ್ಯನವರು ನಮ್ಮ ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿಯನ್ನೇ ಕಟ್ಟಿದವರು. ಬರಿಗೈಯಲ್ಲಿ ವಿಭೂತಿ ಸೃಷ್ಟಿಸುತ್ತೇವೆ ಅನ್ನುವವರಿಗೆ, ವಿಭೂತಿ ಬೇಡ, ಕುಂಬಳಕಾಯಿ ಸೃಷ್ಟಿಸಿ ತೋರಿಸಿ ಅಂದವರು. ಅವರ ಜಯಂತಿ ದಿನ ನಮ್ಮ ಗುಂಪಿನಲ್ಲಿ ಅವರ ಫೋಟೋ ಹೂವಿನ ಸಮೇತ ಹತ್ತಾರು ಸಲ ಬಂತು. ಅದರ ಮಧ್ಯೆ ಇನ್ನೊಂದು: "ಇದನ್ನು 11 ಜನಕ್ಕೆ ಕಳಿಸಿ, ಸಂಜೆಯೊಳಗೆ ಶುಭ ಸುದ್ದಿ." ಎರಡನ್ನೂ ಕಳಿಸಿದ್ದು ಒಬ್ಬರೇ.

ನಗಬಹುದು. ಆದರೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಗಾಳಿಸುದ್ದಿ ನಂಬಿ ಜನ ಒಬ್ಬ ಅಮಾಯಕನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆಗೆ ಫಾರ್ವರ್ಡ್ ಅಂತ ಮಿತಿ ಹಾಕಿದರು. ನಮ್ಮ ಸೆಕ್ರೆಟರಿ ಐದೈದರಂತೆ ಕಂತು ಮಾಡಿಕೊಂಡರು.

ಕೊನೆಗೆ ಸಂಘದ ಸಭೆಯಲ್ಲಿ ಮಾತು ಬಂತು: ನಮ್ಮದೇ ಒಂದು ಜಾಲ ಮಾಡೋಣ, ಕಸಕ್ಕೂ ಬೈಗುಳಕ್ಕೂ ಜಾಗ ಇಲ್ಲದ್ದು. ಅಧ್ಯಕ್ಷರು ಎದ್ದು ನಿಂತು, 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು, ಇದ್ಯಾವ ಮಹಾ ಅಂದರು. ಚಪ್ಪಾಳೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಮ್ಮೂರ ಹುಡುಗನನ್ನು ವಿವರಿಸಲು ಕರೆದರು.

ಪಾಪ, ಹುಡುಗ ಬುಡದಿಂದ ಶುರು ಮಾಡಿದ. ಅಮೆರಿಕದಲ್ಲಿ 1979ರಲ್ಲೇ ಕಾಲೇಜು ಹುಡುಗರು ಯೂಸ್‌ನೆಟ್ ಅಂತ ಒಂದು ಚರ್ಚೆಯ ಜಾಲ ಯೋಚಿಸಿದ್ದರು, ಅದಕ್ಕೆ ಒಬ್ಬ ಯಜಮಾನ ಅಂತ ಇರಲಿಲ್ಲ, ಎಲ್ಲರ ಕಂಪ್ಯೂಟರೂ ಸೇರಿ ನಡೆಸುತ್ತಿದ್ದವು ಅಂದ. ಮರದ ಕೆಳಗಿನ ಕಟ್ಟೆ ಇದ್ದ ಹಾಗೆ. 1994ರ ಏಪ್ರಿಲ್‌ನಲ್ಲಿ ಅರಿಜೋನಾದ ಗಂಡ ಹೆಂಡತಿ ಇಬ್ಬರು ವಕೀಲರು ಅಮೆರಿಕದಲ್ಲಿ ನೆಲೆಸಲು ಅನುಮತಿ ಕೊಡುವ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಅಲ್ಲಿನ ಸಾವಿರಾರು ಗುಂಪುಗಳಿಗೆ ಒಂದೇ ಸಲ ಸುರಿದರು. ಜನ ಕೆರಳಿ ಉಗಿದರು. ವಕೀಲರು ನಾಚಿಕೊಳ್ಳುವ ಬದಲು, ಹೀಗೆ ದುಡ್ಡು ಮಾಡುವುದು ಹೇಗೆ ಅಂತ ಪುಸ್ತಕ ಬರೆದರು.

ಸಭೆ ಗಂಭೀರವಾಯಿತು. ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದರು. "ಅವರ ನಂಬರ್ ಇದೆಯೇನಪ್ಪಾ? ನಮ್ಮ ಅಳಿಯ ವೀಸಾಕ್ಕೆ ಒದ್ದಾಡ್ತಾ ಇದಾನೆ."

ಹುಡುಗ ಬೆವರು ಒರೆಸಿಕೊಂಡು ಮುಂದಕ್ಕೆ ಹೋದ. 2016ರಲ್ಲಿ ಮಾಸ್ಟೊಡಾನ್ ಅಂತ ಒಂದು ಜಾಲ ಬಂತು, ಅದರಲ್ಲಿ ಒಂದೊಂದು ಊರಿಗೂ ಒಂದೊಂದು ಸರ್ವರ್, ಅಂದರೆ ಜಾಲ ನಡೆಸುವ ಕಂಪ್ಯೂಟರ್, ಇಟ್ಟುಕೊಳ್ಳಬಹುದು, ಎಲ್ಲ ಊರೂ ಒಂದಕ್ಕೊಂದು ಮಾತಾಡಬಹುದು ಅಂದ. ನಮ್ಮ ಡೈರಿಗಳ ಹಾಗೇ. "ಒಂದು ಊರಿನ ಹಾಲು ಹುಳಿ ಆದರೆ ಅದನ್ನ ಟ್ಯಾಂಕರ್‌ಗೆ ಸುರಿಯಲ್ಲ ಅಲ್ವಾ? ಅಲ್ಲೂ ಹಾಗೇ. ಕಸ ಕಳಿಸೋ ಸರ್ವರ್ ಜೊತೆ ಉಳಿದವರು ಸಂಪರ್ಕ ಕಡಿದುಕೊಳ್ಳಬಹುದು." ಕಡಿದುಕೊಳ್ಳುವುದು ಅನ್ನುವ ಮಾತು ಎಲ್ಲರಿಗೂ ತಕ್ಷಣ ಅರ್ಥವಾಯಿತು. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಜಗಳ ಆಡಿದ ಪಕ್ಕದೂರನ್ನು ಮೊದಲು ಕಡಿಯಬೇಕು ಅಂತ ಸೂಚನೆ, ಅನುಮೋದನೆ. ನೀರಿನ ಜಗಳದ ಊರು ಎರಡನೆಯದು. ಜಾಲ ಹುಟ್ಟುವ ಮೊದಲೇ ಏಳು ಊರು ಹೊರಗೆ.

ನಿಜವಾದ ಪೆಟ್ಟು ಬಿದ್ದಿದ್ದು ಜಾಮೀನಿನ ಹತ್ತಿರ. ಯಾರೇ ಹೊಸಬರು ಸೇರಬೇಕಾದರೂ ಹಳೆಯ ಸದಸ್ಯರೊಬ್ಬರು ಜಾಮೀನು ನಿಲ್ಲಬೇಕು, ಹೊಸಬ ಕಸ ಹಾಕಿದರೆ ಜಾಮೀನುದಾರನೂ ಒಂದು ತಿಂಗಳು ಬಾಯಿ ಮುಚ್ಚಬೇಕು. ಇದು ಹುಡುಗನ ಸಲಹೆ. ಒಳ್ಳೆಯ ಸಲಹೆ, ನನಗಂತೂ ಹಿಡಿಸಿತು. ಆದರೆ ನಮ್ಮದು ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಕೆಟ್ಟವರ ಊರು. ಜಾಮೀನು ಅನ್ನುತ್ತಿದ್ದ ಹಾಗೆ ಜನ ಟವೆಲ್ ಕೊಡವಿ ಎದ್ದರು. ಮೊದಲ ತಿಂಗಳ ಕೊನೆಗೆ ಜಾಲದಲ್ಲಿ ಮೂರು ಜನ: ಹುಡುಗ, ಅವನಮ್ಮ, ನಾನು. ಕಸ ಇಲ್ಲ, ಬೈಗುಳ ಇಲ್ಲ, ಮಾತೂ ಇಲ್ಲ. ಅವನಮ್ಮ ಒಂದೇ ಒಂದು ಮೆಸೇಜು ಹಾಕಿದ್ದರು: "ಊಟ ಆಯ್ತೇನೋ?"

ಜಾಮೀನು ಕೈಬಿಟ್ಟು ಎಲ್ಲರನ್ನೂ ಸೇರಿಸಿಕೊಂಡರು. ಅದಕ್ಕೆ ಬದಲಾಗಿ ಬೈಗುಳ ಉಪಸಮಿತಿ ರಚನೆಯಾಯಿತು. ಯಾವುದು ಬೈಗುಳ ಅಂತ ಪಟ್ಟಿ ಮಾಡಿಕೊಟ್ಟರೆ ಕಂಪ್ಯೂಟರ್ ತಡೆಯುತ್ತದೆ ಅಂತ ಹುಡುಗ ಹೇಳಿದ್ದ. ಉಪಸಮಿತಿ ಇಷ್ಟು ಉತ್ಸಾಹದಿಂದ ಯಾವ ಕೆಲಸವನ್ನೂ ಮಾಡಿದ್ದು ನಾನು ನೋಡಿಲ್ಲ. ಪಟ್ಟಿಯನ್ನು ಆಕ್ಷೇಪಣೆಗಾಗಿ ಗುಂಪಿಗೆ ಹಾಕಿದರು. ಆಕ್ಷೇಪಣೆ ಬರಲಿಲ್ಲ, ಸೇರ್ಪಡೆಗಳು ಬಂದವು. ನಮ್ಮ ಅಜ್ಜಿ ಬೈಯುತ್ತಿದ್ದ ಇಂಥದ್ದು ಬಿಟ್ಟುಹೋಗಿದೆ ಅಂತ ವಯಸ್ಸಾದವರು ಕಣ್ಣಲ್ಲಿ ನೀರು ತುಂಬಿಕೊಂಡು ವಾಯ್ಸ್ ಮೆಸೇಜ್ ಕಳಿಸಿದರು.

ಪಟ್ಟಿ ಜಾರಿಯಾದ ದಿನವೇ ಜನ ತೆಲುಗಿಗೆ ತಿರುಗಿದರು. ನಮ್ಮ ಕಡೆ ವ್ಯವಹಾರ ಕನ್ನಡದಲ್ಲಿ, ಸಿಟ್ಟು ತೆಲುಗಿನಲ್ಲಿ. ತೆಲುಗು ಪಟ್ಟಿ ಸೇರಿಸಿದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬೈದರು. ಅದನ್ನೂ ತಡೆದರೆ ಅಕ್ಷರಗಳ ಮಧ್ಯೆ ಚುಕ್ಕೆ ಇಟ್ಟರು. ಕೊನೆಗೆ ಗಾದೆಯಲ್ಲಿ ಬೈದರು. ಗಾದೆ ತಡೆಯುವ ಯಂತ್ರ ಇನ್ನೂ ಬಂದಿಲ್ಲ.

ಯಂತ್ರಕ್ಕೆ ಸಿಕ್ಕಿಬಿದ್ದವರೂ ಇದ್ದಾರೆ. ಕತ್ತೆ, ಎಮ್ಮೆ, ಗೂಳಿ ಮೂರೂ ಪಟ್ಟಿಯಲ್ಲಿದ್ದವು. ಒಂದು ರಾತ್ರಿ ಒಬ್ಬ ಹೆಣ್ಣುಮಗಳು "ಎಮ್ಮೆಗೆ ಜ್ವರ, ಯಾರಾದ್ರೂ ಡಾಕ್ಟರ್ ನಂಬರ್ ಕೊಡಿ ಅಣ್ಣಾ" ಅಂತ ಬರೆದರು. ಅವಾಚ್ಯ ಶಬ್ದ ಬಳಸಿದ್ದಕ್ಕೆ ಮೂರು ದಿನ ಅಮಾನತು. ಅದೇ ನಿಮಿಷದಲ್ಲಿ ನಂದಿಬೆಟ್ಟದ ಸೈಟಿನವನು ಮೂವತ್ತು ನಲವತ್ತರ ಅಳತೆಯೊಂದಿಗೆ ಸಲೀಸಾಗಿ ಒಳಗೆ ಬಂದ. ಅವನ ಭಾಷೆ ಬಹಳ ಶುದ್ಧ.

ಉಪಸಮಿತಿ ಈಗ ವರದಿ ಕೊಟ್ಟಿದೆ. ಕಂಡಕಂಡದ್ದನ್ನು ಫಾರ್ವರ್ಡ್ ಮಾಡಬೇಡಿ ಅನ್ನುವುದು ಅದರ ಮೊದಲ ಸಾಲು. ವರದಿ ಅಧ್ಯಕ್ಷರಿಂದ ಸೆಕ್ರೆಟರಿಗೆ, ಅವರಿಂದ ನಿರ್ದೇಶಕರಿಗೆ, ಅವರಿಂದ ಭಾವಮೈದುನರಿಗೆ, ಹೀಗೆ ಊರೆಲ್ಲ ಸುತ್ತಿ ಗುಂಪಿಗೆ ಬರುವಷ್ಟರಲ್ಲಿ ಅದರ ತಲೆಯ ಮೇಲೆ ಎರಡು ಬಾಣದ ಗುರುತು ಬಿದ್ದಿತ್ತು, ಅಂದರೆ ಬಹಳ ಸಲ ಫಾರ್ವರ್ಡ್ ಆದದ್ದು ಅಂತ. ವಾಟ್ಸಾಪ್‌ನಲ್ಲಿ ಅಂಥ ಮೆಸೇಜನ್ನು 2020ರಿಂದ ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ಸೆಕ್ರೆಟರಿ ಹಾಲು ಅಳೆಯುವುದನ್ನೂ ನಿಲ್ಲಿಸಿ ಒಬ್ಬೊಬ್ಬರಿಗೇ ಕಳಿಸುತ್ತಿದ್ದರು. ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರ ಫೋನು ಟಣ್ ಅಂದಿತು. ಮೊಮ್ಮಗಳು ನೋಡಿದಳು.

"ಎರಡು ಬಾಣ ಇದೆ ಅಜ್ಜಿ. ಸುಳ್ಳು ಸುದ್ದಿ ಇರ್ಬೇಕು, ಅಳಿಸಿಬಿಡ್ತೀನಿ."