ಹಿನ್ನೆಲೆಗೆ ಸ್ವಲ್ಪ ಮಂಜು ಹಾಕಿ

ಆ ಸುದ್ದಿಯನ್ನು ನೀವೂ ಓದಿರುತ್ತೀರಿ. ಕನ್ನಡ ಟಿ.ವಿ. ವಾಹಿನಿಯೊಂದರವರು ಕೊಡಗಿಗೆ ಬಂದರು, ಮಡಿಕೇರಿ ಹತ್ತಿರದ ರೆಸಾರ್ಟಿನಲ್ಲಿ ಎರಡು ದಿನ ತಂಗಿದರು, ತಮ್ಮ ಧಾರಾವಾಹಿಗಳಿಗೆ ‘ವೈವಿಧ್ಯಮಯ ಹಿನ್ನೆಲೆಯ ಉದಯೋನ್ಮುಖ ನಿರ್ದೇಶಕರು ಮತ್ತು ಬರಹಗಾರರನ್ನು’ ಹುಡುಕಿದರು, ಪಂದಿಕರಿ ಕಡಂಬಿಟ್ಟು ಉಂಡರು, ಹೋದರು. ಹುಡುಕಾಟ ಯಶಸ್ವಿಯಾಯಿತೆಂದು ಮರುದಿನ ಪತ್ರಿಕೆಯಲ್ಲಿ ಬಂತು. ಫೋಟೋದಲ್ಲಿ ಹನ್ನೆರಡು ಮಂದಿ ಇದ್ದರು. ಹನ್ನೆರಡು ಮಂದಿಯೂ ಹುಡುಕಲು ಬಂದವರೇ.

ನನಗೆ ಆ ಪ್ರಕಟಣೆಯ ಕನ್ನಡದ ಮೇಲೆ ಮೋಹ ಹುಟ್ಟಿಬಿಟ್ಟಿದೆ. ‘ಉದಯೋನ್ಮುಖ’ ಎಂದರೆ ಉದಯದ ಕಡೆಗೆ ಮುಖ ಮಾಡಿದವನು ಎಂದರ್ಥ. ಅಂಥವನೊಬ್ಬ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿಯೇ ಇದ್ದಾನೆ. ಬೆಳಗಿನ ಜಾವ ನಾಲ್ಕೂವರೆಗೆ ಜೀಪು ಸ್ಟಾರ್ಟ್ ಮಾಡಿ ಇಡೀ ಕೇರಿಯನ್ನು ಎಬ್ಬಿಸಿ, ಟೋಪಿ ಮಫ್ಲರುಗಳ ಪ್ರವಾಸಿಗರನ್ನು ತುಂಬಿಕೊಂಡು ಮಾಂದಲ್‌ಪಟ್ಟಿಗೆ ಹೋಗುತ್ತಾನೆ. ಅಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾನೆ. ಹನ್ನೊಂದು ವರ್ಷದಿಂದ ವಾರಕ್ಕೆ ಆರು ದಿನ ಉದಯೋನ್ಮುಖ. ಏಳನೆಯ ದಿನ ಜೀಪಿನ ಕೆಳಗೆ ಮಲಗಿರುತ್ತಾನೆ; ಆಗ ಮುಖ ಮೇಲಕ್ಕೆ.

ಇನ್ನು ‘ಹಿನ್ನೆಲೆ’. ಈ ವಿಷಯದಲ್ಲಿ ಕೊಡಗನ್ನು ಮೀರಿಸುವವರು ಯಾರಿದ್ದಾರೆ? ಖಾಸಗಿ ವಾಹಿನಿಗಳು ಕನ್ನಡಕ್ಕೆ ಬಂದು ಮೂವತ್ತು ವರ್ಷ ದಾಟಿತು, ಅಂದಿನಿಂದಲೂ ನಾವು ಹಿನ್ನೆಲೆಯಲ್ಲಿಯೇ ಇದ್ದೇವೆ. ಮುಂದೆ ನಾಯಕಿ ಅಳುತ್ತಾಳೆ, ಹಿಂದೆ ನಮ್ಮ ಮಂಜು. ಮುಂದೆ ನಾಯಕ ಕಾರಿನಿಂದ ಇಳಿಯುತ್ತಾನೆ, ಹಿಂದೆ ನಮ್ಮ ಸಿಲ್ವರ್ ಮರ, ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ಮುಂದೆ ಇಬ್ಬರು ಮದುವೆಯಾಗುತ್ತಾರೆ, ಹಿಂದೆ ನಮ್ಮವರು ನಾಲ್ಕು ಜನ ತಟ್ಟೆ ಹಿಡಿದು ನಿಂತಿರುತ್ತಾರೆ, ಕ್ಯಾಮೆರಾ ನೋಡಬೇಡಿ ಎಂದು ಹೇಳಿಸಿಕೊಂಡು. ವೈವಿಧ್ಯಮಯ ಹಿನ್ನೆಲೆ ಬೇಕೆಂದು ಅವರು ಕೇಳಿದಾಗ ನಮ್ಮ ಹುಡುಗರು ತಪ್ಪು ತಿಳಿದುಕೊಂಡರು. ಅವರಿಗೆ ಬೇಕಾಗಿದ್ದದ್ದು ಲೊಕೇಶನ್.

ಆ ನಾಲ್ಕು ಜನ ಯಾರೆಂದು ಸ್ವಲ್ಪ ಹೇಳಬೇಕು. ಒಬ್ಬರು ಮನೆಯಲ್ಲಿ ಕೊಡವ ತಕ್ಕ್ ಆಡುತ್ತಾರೆ, ಒಬ್ಬರು ಅರೆಭಾಷೆ, ಒಬ್ಬರು ಮಲಯಾಳವನ್ನೋ ತುಳುವನ್ನೋ ಆಡುತ್ತಾರೆ, ನಾಲ್ಕನೆಯವರು ಎರವ ಬುಡಕಟ್ಟಿನವರು, ಆಡುವುದು ಎರವ ಭಾಷೆ. ಸಂತೆಗೆ ಬಂದಾಗ ನಾಲ್ವರೂ ಕನ್ನಡದಲ್ಲಿ ಜಗಳವಾಡುತ್ತಾರೆ. 2011ರ ಜನಗಣತಿಯಂತೆ ಈ ಜಿಲ್ಲೆಯ ಒಟ್ಟು ಜನ 5,54,519, ರಾಜ್ಯದಲ್ಲಿಯೇ ಕಡಿಮೆ. ಇಷ್ಟು ಕಡಿಮೆ ಜನರಲ್ಲಿ ಇಷ್ಟೊಂದು ಭಾಷೆ ಇಟ್ಟುಕೊಳ್ಳುವುದು ಒಂದು ರೀತಿಯ ದುಂದುವೆಚ್ಚವೇ ಸರಿ. ಮಡಿಕೇರಿ ಆಕಾಶವಾಣಿ ಪಾಪ ಕೊಡವ ತಕ್ಕ್‌ನಲ್ಲಿಯೂ ಅರೆಭಾಷೆಯಲ್ಲಿಯೂ ಕಾರ್ಯಕ್ರಮ ಮಾಡುತ್ತದೆ. ಧಾರಾವಾಹಿಗಳಲ್ಲಿ ಮಾತ್ರ ನಾವೆಲ್ಲರೂ ಒಂದೇ ಕನ್ನಡ ಮಾತನಾಡುತ್ತೇವೆ. ಅದು ಯಾವ ಊರಿನದೆಂದು ನನ್ನ ಹೆಂಡತಿ ಇನ್ನೂ ಪತ್ತೆ ಮಾಡುತ್ತಿದ್ದಾಳೆ. ಮೊದಲು ಮಂಡ್ಯ ಎಂದಳು, ಆಮೇಲೆ ರಾಜರಾಜೇಶ್ವರಿ ನಗರ ಎಂದಳು.

ಅವಳ ಬಗ್ಗೆ ಹೇಳಿದೆನಲ್ಲ, ಇನ್ನೊಂದು. ನಮ್ಮ ಮನೆಯಲ್ಲಿ ಧಾರಾವಾಹಿಗಳ ನಿಜವಾದ ವಿಮರ್ಶಕಿ ಅವಳೇ. ಕೊಡಗಿನ ಶ್ರೀಮಂತ ಮನೆತನದ ಕಥೆಯೊಂದರಲ್ಲಿ ನಾಯಕಿ ಕೊಡವ ಸೀರೆ ಉಟ್ಟು ದೀಪ ಹಚ್ಚುತ್ತಿದ್ದಳು. ಹಿಂದೆ ಇರಬೇಕಾದ ನೆರಿಗೆ ಮುಂದೆ ಇತ್ತು. “ಆ ಹುಡುಗಿಯನ್ನು ತಿರುಗಿಸಿ ನಿಲ್ಲಿಸಲು ಹೇಳಿ” ಎಂದಳು. ಮುಂದಿನ ವಾರ ಅದೇ ಮನೆಯ ಮಗ ತನ್ನ ಹುಟ್ಟುಹಬ್ಬದಂದು, ಕೊಡವರು ಸೊಂಟದಲ್ಲಿ ಧರಿಸುವ ಪೀಚೆಕತ್ತಿಯಿಂದ ಕೇಕು ಕತ್ತರಿಸಿದ. ಇವಳು ಮಾತನಾಡಲಿಲ್ಲ, ಎದ್ದು ಅಡುಗೆಮನೆಗೆ ಹೋದಳು. ವಾಪಸ್ ಬರುವಷ್ಟರಲ್ಲಿ ತೋಟದಲ್ಲಿ ಕಾಫಿ ಹೂವು ಬಿಟ್ಟಿತ್ತು, ನಾಯಕಿ ಅದೇ ಗಿಡದಿಂದ ಹಣ್ಣು ಕೊಯ್ಯುತ್ತಿದ್ದಳು, ಆಕಾಶದಿಂದ ಮುಂಗಾರು ಮಳೆ ಬೀಳುತ್ತಿತ್ತು. ನಮ್ಮ ಎರಡು ಎಕರೆಯಲ್ಲಿ ಕಾಫಿ ಹೂವು ಅರಳಿಸುವ ಹೂಮಳೆ ಒಂದು ವಾರ ತಡವಾದರೆ ನಾನು ರಾತ್ರಿ ನಿದ್ದೆ ಮಾಡುವುದಿಲ್ಲ. ಅವರಿಗೆ ನೋಡಿ, ಹೂವು, ಹಣ್ಣು, ಮಳೆ ಮೂರೂ ಒಂದೇ ಮಧ್ಯಾಹ್ನ. ಕಾಫಿ ಮಂಡಳಿ ಆ ಗಿಡದ ಬೀಜ ತರಿಸಿಕೊಳ್ಳಬೇಕು.

ಇಂಥದ್ದನ್ನೆಲ್ಲ ಸರಿಪಡಿಸಬಲ್ಲ ಹುಡುಗರು ಇಲ್ಲಿ ಇದ್ದಾರಲ್ಲವೇ, ಅವರಿಗೆ ಅವಕಾಶ ಕೊಡುವುದಕ್ಕೇ ಅಲ್ಲವೇ ಬಂದದ್ದು ಎಂದು ನೀವು ಕೇಳಬಹುದು. ಬಂದರು ಸ್ವಾಮಿ, ಅರ್ಜಿ ನಮೂನೆಯ ಸಮೇತ ಬಂದರು. ಹೊಸಬರಿಗೆ ಮಾತ್ರ ಎಂದು ಮೇಲೆ ದಪ್ಪಕ್ಷರದಲ್ಲಿತ್ತು. ಕೆಳಗೆ, ಕನಿಷ್ಠ ಮೂರು ವರ್ಷ ಧಾರಾವಾಹಿಯಲ್ಲಿ ಕೆಲಸ ಮಾಡಿದ ಅನುಭವ ಇರಬೇಕು. ಕನ್ನಡ ಕಥೆಯ ಸಾರಾಂಶವನ್ನು ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ಪಿಡಿಎಫ್ ಮಾಡಿ ಕಳುಹಿಸಬೇಕು. ಆಯ್ಕೆಯಾದವರು ಆರು ತಿಂಗಳು ಬೆಂಗಳೂರಿನಲ್ಲಿ ಸ್ವಂತ ಖರ್ಚಿನಲ್ಲಿ ಉಳಿಯಬೇಕು. ಅಂದರೆ ಹಿಂದುಳಿದ ಹಿನ್ನೆಲೆಯವನಾಗಿದ್ದು ಬೆಂಗಳೂರಿನಲ್ಲಿ ಚಿಕ್ಕಪ್ಪನ ಮನೆ ಇರುವವನಾಗಬೇಕು, ಆ ಚಿಕ್ಕಪ್ಪ ಸಂಕಲನಕಾರನಾಗಿದ್ದರೆ ಇನ್ನೂ ಉತ್ತಮ.

ಜೀಪಿನವನು ಅರ್ಜಿ ಹಾಕಿದ. ಮೂರು ವರ್ಷದ ಅನುಭವದ ಕಾಲಂನಲ್ಲಿ ‘ಆರು ಧಾರಾವಾಹಿ, ಎರಡು ಸಿನಿಮಾ’ ಎಂದು ಬರೆದ. ಸುಳ್ಳೇನೂ ಅಲ್ಲ. ಅವರ ಕ್ಯಾಮೆರಾ, ಜನರೇಟರು, ಒಮ್ಮೆ ನಾಯಕನನ್ನೂ ಅವನೇ ಗುಡ್ಡ ಹತ್ತಿಸಿದ್ದಾನೆ. ದಿನವಿಡೀ ಕಾಯುತ್ತಾ ಕುಳಿತು ಚಿತ್ರೀಕರಣ ನೋಡಿ ನೋಡಿ ಅವನಿಗೆ ಎಲ್ಲ ಬಾಯಿಪಾಠ: ಅರ್ಧ ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಇಪ್ಪತ್ತೆರಡು ನಿಮಿಷ, ಅದರಲ್ಲಿ ಹಿಂದಿನ ಸಂಚಿಕೆಯ ತುಣುಕು ಎರಡು ನಿಮಿಷ, ಅತ್ತೆ ಒಂದು ಮಾತು ಆಡಿದ ಮೇಲೆ ಆರು ಜನರ ಮುಖಕ್ಕೆ ಮೂರು ಮೂರು ಸಲ ಗುಡುಗು. ಸಂಭಾಷಣೆ ಬರೆಯುವವನು ಸೆಟ್ಟಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಮುಂದಿನ ದೃಶ್ಯವನ್ನು ಈ ದೃಶ್ಯ ನಡೆಯುವಾಗಲೇ ಬರೆದುಕೊಡುವುದನ್ನು ಕಂಡು ಅವನಿಗೆ ಮರುಕ ಹುಟ್ಟಿತಂತೆ. ಅನಂತರ ಆಸೆ ಹುಟ್ಟಿತಂತೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನೀಲಿ ಪೆನ್ನಿನಿಂದ ಹದಿಮೂರು ಸಂಚಿಕೆ ಬರೆದ. ಹದಿಮೂರೇ ಏಕೆ ಎಂದರೆ ದೂರದರ್ಶನದಲ್ಲಿ ಹಿಂದೆ ಹದಿಮೂರು ಕಂತು ಬರುತ್ತಿತ್ತು ಎಂದು ಅವನ ಅಜ್ಜ ಹೇಳಿದ್ದರು. ಕಥೆ ಅಷ್ಟಕ್ಕೇ ಮುಗಿಯುತ್ತದೆ ಎಂದೂ ಹೇಳಿದ. ಮುಗಿಯುವ ಕಥೆ! ಅಲ್ಲಿಯೇ ಅವನ ಅರ್ಜಿ ಬಿದ್ದುಹೋಗಿರಬೇಕು.

ಇಲ್ಲಿ ಸ್ವಲ್ಪ ಹೊಳೆ ದಾಟಿ ಸುಂಟಿಕೊಪ್ಪದ ಕಡೆ ಹೋಗುತ್ತೇನೆ, ಜೀಪು ಕಾಯಲಿ. ಆ ಭಾಗದ ಕಾಫಿ ತೋಟದಲ್ಲಿ ಬದುಕಿದ ಕೊಡಗಿನ ಗೌರಮ್ಮ 1939ರಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡಾಗ ಆಕೆಗೆ ಇಪ್ಪತ್ತೇಳು ವರ್ಷ. ಅಷ್ಟರೊಳಗೆ ವಿಧವೆಯರ ಬಗ್ಗೆ, ಮದುವೆಯ ಹೆಸರಿನಲ್ಲಿ ಮೋಸಹೋದ ಹೆಣ್ಣುಗಳ ಬಗ್ಗೆ ಇವತ್ತಿಗೂ ಕೈ ನಡುಗಿಸುವ ಕಥೆ ಬರೆದಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೆ ಬರುವ ತನಕ ಊಟ ಮಾಡುವುದಿಲ್ಲ ಎಂದು ಹಟ ಹಿಡಿದು ಅವರನ್ನು ಕರೆಸಿಕೊಂಡು ಒಡವೆ ಕೊಟ್ಟವರು. ಆ ಗೌರಮ್ಮ ಈ ರೆಸಾರ್ಟಿಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. “ಮೇಡಂ, ವಿಧವೆ ತುಂಬಾ ಚೆನ್ನಾಗಿ ಬಂದಿದ್ದಾಳೆ. ಆದರೆ ಗಂಡ ಸತ್ತಿಲ್ಲ ಎಂದು ನೂರಿಪ್ಪತ್ತನೆಯ ಸಂಚಿಕೆಯಲ್ಲಿ ತೋರಿಸೋಣ. ಅವನಿಗೆ ಒಬ್ಬ ಅವಳಿ ಇರಲಿ.” ಗಾಂಧೀಜಿಯನ್ನು ಬಗ್ಗಿಸಿದ ಆಕೆಗೂ ವಾಹಿನಿಯ ಕ್ರಿಯೇಟಿವ್ ಹೆಡ್ ಬಗ್ಗುತ್ತಿದ್ದನೆನ್ನಲು ನನಗೆ ಧೈರ್ಯವಿಲ್ಲ.

ಅಮೆರಿಕದಲ್ಲಿ ಇದೆಲ್ಲ ಬಹಳ ಚೆನ್ನಾಗಿ ನಡೆಯುತ್ತದೆ ಎಂದು ನನ್ನ ಅಳಿಯ ಹೇಳುತ್ತಿರುತ್ತಾನೆ. ನಡೆಯುತ್ತದೆ, ನಿಜ. ಅಲ್ಲಿ ವಾರ್ನರ್ ಬ್ರದರ್ಸ್ ಟೆಲಿವಿಷನ್ನಿನವರು ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ನಡೆಸುತ್ತಿದ್ದ ಹೊಸಬರ ಕಾರ್ಯಾಗಾರವನ್ನು 2022ರ ಅಕ್ಟೋಬರಿನಲ್ಲಿ ಖರ್ಚು ಉಳಿಸಲು ಮುಚ್ಚುತ್ತೇವೆ ಎಂದರು. ನಿರ್ದೇಶಕರ ಸಂಘ ಗದರಿತು. ಕೆಲವೇ ದಿನಗಳಲ್ಲಿ, ಮುಚ್ಚುವುದಿಲ್ಲ, ವೈವಿಧ್ಯದ ವಿಭಾಗದ ಕೆಳಗೆ ಇಡುತ್ತೇವೆ ಎಂದು ತಿಪ್ಪರಲಾಗ ಹಾಕಿದರು. ಮರುವರ್ಷ ಅಲ್ಲಿನ ಬರಹಗಾರರು 148 ದಿನ ಮುಷ್ಕರ ಹೂಡಿದರು, ಹಾಲಿವುಡ್ ಅರ್ಧ ಸ್ತಬ್ಧವಾಯಿತು. ನಮ್ಮ ಧಾರಾವಾಹಿ ಬರಹಗಾರರು 148 ದಿನ ಪೆನ್ನು ಕೆಳಗಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ತೆಲುಗಿನಲ್ಲಿ, ಹಿಂದಿಯಲ್ಲಿ, ಮರಾಠಿಯಲ್ಲಿ ಬರೆದಿಟ್ಟದ್ದು ಇದ್ದೇ ಇದೆ; ಹೆಸರು ಬದಲಿಸಿದರೆ ಸಾಕು. ನಾಲ್ಕು ರಾಜ್ಯ ಸುತ್ತಿ ಬಂದ ಅತ್ತೆ ನಮ್ಮಲ್ಲಿಗೆ ಬರುವಷ್ಟರಲ್ಲಿ ಪಾಪ ಸುಸ್ತಾಗಿರುತ್ತಾಳೆ. ಕೋಪವೂ ಹಳೆಯದು, ಒಡವೆಯೂ ಹಳೆಯದು.

ಸಿದ್ದಾಪುರದ ಕಡೆಯಿಂದ ಒಬ್ಬ ಹುಡುಗಿಯೂ ಬಂದಿದ್ದಳು. ತೋಟದ ಕೂಲಿಕಾರರ ಲೈನ್ ಮನೆಯಲ್ಲಿ ಬೆಳೆದವಳು, ಎರವರ ಹುಡುಗಿ, ಬಿ.ಎ. ಓದುತ್ತಿದ್ದಾಳೆ. ಎರಡು ಬಸ್ಸು ಬದಲಿಸಿ ಬಂದು, ಗೇಟಿನಲ್ಲಿ ಕಾವಲುಗಾರ ಕೆಲಸಕ್ಕೆ ಬಂದವಳೆಂದು ಹಿಂಬಾಗಿಲು ತೋರಿಸಿ, ಅಲ್ಲಿಂದ ಸುತ್ತಿ ಒಳಗೆ ಬರುವಾಗ ಹನ್ನೊಂದು ಗಂಟೆ. ಅವಳ ಕಥೆ ಅವಳ ಅಮ್ಮನದು: ನಸುಕಿಗೆ ತೋಟಕ್ಕೆ ಹೋಗುವ ಹೆಂಗಸರು ಆನೆ ಎಲ್ಲಿದೆಯೆಂದು ಒಬ್ಬರಿಗೊಬ್ಬರು ಕೂಗಿ ಹೇಳಿಕೊಳ್ಳುವುದು. ತೀರ್ಪುಗಾರರಿಗೆ ಬಹಳ ಹಿಡಿಸಿತು. “ಅದ್ಭುತ. ಆ ತೋಟದ ಮಾಲೀಕನ ಮಗ ಈ ಹುಡುಗಿಯನ್ನು ಪ್ರೀತಿಸಿದರೆ? ಕೊನೆಗೆ ಅವಳು ಮಾಲೀಕನ ಸ್ವಂತ ಅಣ್ಣನ ಮಗಳೇ ಎಂದು ತಿಳಿದರೆ? ಆಸ್ಪತ್ರೆಯಲ್ಲಿ ಅದಲುಬದಲು.” ಹುಡುಗಿ ಸ್ವಲ್ಪ ಯೋಚಿಸಿ, ನಮ್ಮ ಅಮ್ಮನಿಗೆ ಹೆರಿಗೆ ಆದದ್ದು ಲೈನ್ ಮನೆಯಲ್ಲಿಯೇ ಸಾರ್, ಆಸ್ಪತ್ರೆ ದೂರ ಎಂದಳಂತೆ. ಆನೆಯನ್ನು ಗ್ರಾಫಿಕ್ಸಿನಲ್ಲಿ ಮಾಡಬೇಕಾಗುತ್ತದೆ, ಬಜೆಟ್ ಇಲ್ಲ ಎಂದರು.

ಜೀಪಿನವನ ಸರದಿ ಎರಡನೆಯ ದಿನ ಬಂತು. ಅವನ ಕಥೆ 2018ರ ಆಗಸ್ಟಿನ ಮಳೆ, ಭೂಕುಸಿತದ್ದು. ಮಕ್ಕಂದೂರು ಕಡೆಯ ಗುಡ್ಡದಲ್ಲಿ ಅವರ ಮನೆ ಇತ್ತು. ಇತ್ತು ಎಂದರೆ ಗುಡ್ಡವೂ ಇತ್ತು. ಹಸುವಿಗೆ ಹಗ್ಗ ಬಿಚ್ಚದೆ ಬರುವುದಿಲ್ಲ ಎಂದು ಹಟ ಹಿಡಿದ ಅಜ್ಜಿಯ ಸುತ್ತ ಅವನು ಹದಿಮೂರು ಸಂಚಿಕೆ ಕಟ್ಟಿದ್ದ. ಕೊಟ್ಟಿಗೆಯಿಂದ ರಸ್ತೆಗೆ ನೂರು ಹೆಜ್ಜೆ. ಆ ನೂರು ಹೆಜ್ಜೆಗೇ ಎರಡು ಸಂಚಿಕೆ. ಕೆಸರಿನ ವಾಸನೆ ಹೇಗಿತ್ತು, ಬೆಟ್ಟ ಜಾರುವ ಮುಂಚೆ ಬಾವಿಯ ನೀರು ಯಾವ ಬಣ್ಣಕ್ಕೆ ತಿರುಗಿತು ಎಂದೆಲ್ಲ ಬರೆದಿದ್ದಾನೆ. ನಾನು ಓದಿದ್ದೇನೆ. ಕಾಗುಣಿತ ತಪ್ಪಿದೆ, ಕಣ್ಣು ತಪ್ಪಿಲ್ಲ.

ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಎಂಬವರು ಗಮನವಿಟ್ಟು ಕೇಳಿದರಂತೆ. ಕೇಳಿ, “ವಿಲನ್ ಯಾರು?” ಎಂದರಂತೆ.

“ಮಳೆ ಸಾರ್.”

“ಮಳೆಯಲ್ಲ. ಮನೆಯೊಳಗೆ ಯಾರು?”

ಇದನ್ನು ತಮಾಷೆ ಮಾಡಬೇಕೆಂದೇ ಕುಳಿತೆ, ಆಗುತ್ತಿಲ್ಲ. ಆ ಆಗಸ್ಟಿನಲ್ಲಿ ಇದೇ ಟಿ.ವಿ.ಗಳು ಇಲ್ಲಿಗೆ ಬಂದಿದ್ದವು. ಎರಡಂತಸ್ತಿನ ಮನೆಯೊಂದು ಗುಡ್ಡದಿಂದ ಜಾರಿ ಬೀಳುವ ದೃಶ್ಯವನ್ನು, ಹಿಂದೆ ಸಂಗೀತ ಹಾಕಿ, ದಿನಕ್ಕೆ ನೂರು ಸಲ ತೋರಿಸಿದರು. ಪರಿಹಾರ ಕೇಂದ್ರದಲ್ಲಿ ಅಳುವವರ ಬಾಯಿಗೆ ಮೈಕು ಇಟ್ಟರು. ಆಗ ಯಾರೂ ವಿಲನ್ ಕೇಳಲಿಲ್ಲ. ಮೂರು ವರ್ಷದ ಅನುಭವ ಕೇಳಲಿಲ್ಲ. ಇಂಗ್ಲಿಷಿನಲ್ಲಿ ಒಂದು ಪುಟ ಅಳಿ ಎನ್ನಲಿಲ್ಲ. ನಮ್ಮ ಕಣ್ಣೀರು ನೇರಪ್ರಸಾರಕ್ಕೆ ಆಗುತ್ತದೆ, ನಾವು ಅದನ್ನು ಬರೆದುಕೊಂಡು ಬಂದರೆ ರೇಟಿಂಗ್ ಬರುವುದಿಲ್ಲ. ಜಾಂಬೂರಿನಲ್ಲಿ, ಕರ್ಣಂಗೇರಿಯಲ್ಲಿ ಸರಕಾರ ಕಟ್ಟಿಕೊಟ್ಟ ಮನೆಗಳಲ್ಲಿ ಕುಳಿತು ಜನ ಇವತ್ತೂ ನಿಮ್ಮ ಧಾರಾವಾಹಿಗಳನ್ನೇ ನೋಡುತ್ತಾರೆ. ಅವರಲ್ಲಿ ಒಬ್ಬನಿಗೆ ಒಂದು ಕುರ್ಚಿ ಕೊಡಲಾಗದಿದ್ದರೆ ಬೇಡ, ಕೊಡುತ್ತೇವೆಂದು ಬ್ಯಾನರ್ ಕಟ್ಟಿ ಕರೆಯಬೇಡಿ. ಎರಡು ದಿನದ ಟ್ರಿಪ್ ಬಿಟ್ಟು ಬಂದಿದ್ದ ಅವನು. ಹುಡುಗಿ ಬಸ್ಸಿಗೆ ಸಾಲ ಮಾಡಿ ಬಂದಿದ್ದಳು.

ರೇಟಿಂಗ್ ಎಂದೆನಲ್ಲ, ಅದೂ ಅವರ ತಪ್ಪಲ್ಲ ಬಿಡಿ. ಪ್ರತಿ ಗುರುವಾರ ಅಂಕಿ ಬರುತ್ತದೆ, ಬರದಿದ್ದರೆ ಆ ಎಕ್ಸಿಕ್ಯೂಟಿವ್ ಪ್ರೊಡ್ಯೂಸರಿಗೂ ಕೆಲಸವಿಲ್ಲ. ದೇಶದ ಐವತ್ತು ಸಾವಿರ ಚಿಲ್ಲರೆ ಮನೆಗಳಲ್ಲಿ ಇಟ್ಟಿರುವ ಮೀಟರಿನ ಪೆಟ್ಟಿಗೆ ಏನು ಹೇಳುತ್ತದೋ ಅದೇ ಕನ್ನಡಿಗರ ಅಭಿರುಚಿ. ನಮ್ಮ ಕೇರಿಯಲ್ಲಿ ಅಂಥ ಪೆಟ್ಟಿಗೆಯನ್ನು ಯಾರೂ ಕಂಡಿಲ್ಲ. ಕಂಡರೂ ಪ್ರಯೋಜನವಿರಲಿಲ್ಲ, ಜುಲೈ ಗಾಳಿಗೆ ಗಾಳಿಬೀಡಿನಲ್ಲಿ ಕಂಬ ಬಿದ್ದರೆ ವಾರಗಟ್ಟಲೆ ಕರೆಂಟು ಇರುವುದಿಲ್ಲ, ಆಗ ಇಡೀ ಊರು ಒಮ್ಮತದಿಂದ ಎಲ್ಲ ವಾಹಿನಿಗಳನ್ನೂ ತಿರಸ್ಕರಿಸಿದೆ ಎಂದು ದಾಖಲಾಗುತ್ತಿತ್ತು. ಎರಡೇ ವಿಧಾನಸಭಾ ಕ್ಷೇತ್ರ, ಲೋಕಸಭೆಗೆ ಮೈಸೂರಿನ ಜತೆ ಒಂದು ಗೀಟು ಹಾಕಿ ಸೇರಿಸಿದ ಹೆಸರು, ರೈಲು ಬಾರದ ಜಿಲ್ಲೆ. ಇಲ್ಲಿ ಸೋಪು ಕೊಳ್ಳುವವರು ಎಷ್ಟು ಜನ ಎಂದು ಜಾಹೀರಾತಿನವನು ಕೇಳಿದರೆ ಉತ್ತರ ಕೊಡುವುದು ಕಷ್ಟ. ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ.

ಮೊನ್ನೆ ಸಂಜೆ ಜೀಪಿನವನಿಗೆ ಬೆಂಗಳೂರಿನಿಂದ ಫೋನು ಬಂತು. ನಾನು ಜಗಲಿಯಲ್ಲಿಯೇ ಇದ್ದೆ. ಅವನ ಮುಖ ಅರಳಿತು, ಆಮೇಲೆ ಮಾಮೂಲಾಯಿತು. ಮಾರ್ಚಿನಲ್ಲಿ ಹೊಸ ಧಾರಾವಾಹಿಯ ಮುಹೂರ್ತವಂತೆ, ಮಾಂದಲ್‌ಪಟ್ಟಿಯಲ್ಲಿ ಆಗ ಮಂಜು ಸಿಗುತ್ತದೆಯೇ, ನಾಲ್ಕು ಜೀಪಿಗೆ ಎಷ್ಟಾಗುತ್ತದೆ ಎಂದು ಕೇಳಿದರಂತೆ. ಮಂಜಿಗೆ ಗ್ಯಾರಂಟಿ ಇಲ್ಲ, ಹೊಗೆ ಮೆಷಿನ್ ತನ್ನಿ ಎಂದ. ಬಾಡಿಗೆ ಹೇಳಿದ, ಚೌಕಾಸಿ ಮಾಡಿದರು, ಒಪ್ಪಿದ.

ಆಮೇಲೆ ನನ್ನ ಕಡೆ ತಿರುಗಿ, “ಅಣ್ಣ, ಆ ನೋಟ್‌ಬುಕ್ ನಿಮ್ಮಲ್ಲಿಯೇ ಇದೆಯಲ್ಲ, ಕೊಡುತ್ತೀರಾ?” ಎಂದ.

ತಿದ್ದಿ ಬೇರೆ ಕಡೆ ಕಳುಹಿಸುತ್ತಾನೇನೋ ಎಂದುಕೊಂಡು ಒಳಗೆ ಹೋಗಿ ತಂದುಕೊಟ್ಟೆ. ಕಥೆಯ ಪುಟಗಳನ್ನು ಮಗುಚಿ ಹಿಂದಿನಿಂದ ತೆರೆದ. ಕೊನೆಯ ಹತ್ತು ಪುಟಗಳಲ್ಲಿ ಡೀಸೆಲ್ ಲೆಕ್ಕ ಇತ್ತು.